ಕಾಡಿನ ತುಂಡುಗಳ ನಡುವೆ ಏನಿತ್ತು? ಗ್ವಾನಕಾಸ್ತೆಯ ಒಣಕಾಡು: ಒಂದು ಪ್ರಕರಣ ಅಧ್ಯಯನ

ವಿಶಾಲವಾದ ಹುಲ್ಲುಗಾವಲು, ಅದರ ನಡುವೆ ಒಂದೇ ಒಂದು ದೊಡ್ಡ ಮರ. ಕೊಡೆ ಬಿಚ್ಚಿದ ಹಾಗೆ ಹರಡಿದ ಕೊಂಬೆಗಳು, ನೆರಳಲ್ಲಿ ಮೆಲುಕು ಹಾಕುತ್ತ ಮಲಗಿದ ದನಗಳು. ಮಧ್ಯ ಅಮೆರಿಕದ ಕೋಸ್ಟರಿಕ ದೇಶದ ವಾಯವ್ಯ ಮೂಲೆಯ ಗ್ವಾನಕಾಸ್ತೆ ಪ್ರಾಂತ್ಯದಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ನೋಟ ಇದು. ಪ್ರಾಂತ್ಯಕ್ಕೆ ಹೆಸರು ಬಂದದ್ದೂ ಈ ಮರದಿಂದಲೇ. ಕಿವಿಯಾಕಾರದ ಕಾಯಿ ಬಿಡುವ ಗ್ವಾನಕಾಸ್ತೆಯನ್ನು 1959ರಲ್ಲಿ ದೇಶದ ರಾಷ್ಟ್ರೀಯ ವೃಕ್ಷವೆಂದು ಘೋಷಿಸಿದರು. ಕಂಡವರಿಗೆ "ಸದ್ಯ, ಇದೊಂದಾದರೂ ಉಳಿಯಿತಲ್ಲ" ಅನ್ನಿಸುತ್ತದೆ.

ಪರಿಸರ ವಿಜ್ಞಾನಿ ಡೇನಿಯಲ್ ಜಾನ್‌ಜೆನ್ 1980ರ ದಶಕದಲ್ಲಿ ಇಂಥ ಒಂಟಿ ಮರಗಳನ್ನು "ಜೀವಂತ ಶವ" ಎಂದು ಕರೆದರು. ಮರ ಹಸಿರಾಗಿದೆ, ಹೂ ಬಿಡುತ್ತದೆ, ಇನ್ನೂ ನೂರು ವರ್ಷ ನಿಂತರೂ ನಿಂತೀತು. ಆದರೆ ಅದರ ಬುಡದಲ್ಲಿ ಬಿದ್ದ ಬೀಜ ಮೊಳೆತು ಮರವಾಗುವ ದಾರಿ ಮುಚ್ಚಿಹೋಗಿದೆ. ಲೆಕ್ಕದ ಪುಸ್ತಕದಲ್ಲಿ ಆ ಪ್ರಭೇದ ಇದೆ. ಮುಂದಿನ ಪೀಳಿಗೆ ಮಾತ್ರ ಇಲ್ಲ.

ಆ ದಾರಿ ಮುಚ್ಚಿದ್ದು ಯಾವುದು ಎಂಬುದೇ ಈ ಪ್ರಕರಣದ ಕೇಂದ್ರ ಪ್ರಶ್ನೆ. ಕಾಡು ಛಿದ್ರವಾಯಿತು ಎಂದಾಗ ನಾವು ಸಾಮಾನ್ಯವಾಗಿ ಉಳಿದ ತುಂಡುಗಳನ್ನು ಎಣಿಸುತ್ತೇವೆ: ಎಷ್ಟಿವೆ, ಎಷ್ಟೆಷ್ಟು ದೊಡ್ಡವು, ಒಂದಕ್ಕೊಂದು ಎಷ್ಟು ದೂರ. ಗ್ವಾನಕಾಸ್ತೆಯಲ್ಲಿ ಕೊನೆಗೆ ಉತ್ತರ ಸಿಕ್ಕಿದ್ದು ತುಂಡುಗಳಲ್ಲಲ್ಲ, ಅವುಗಳ ನಡುವಿನ ನೆಲದಲ್ಲಿ.

ಒಣಕಾಡು ಮೊದಲು ಹೋಗುವುದೇಕೆ

ಮಳೆಕಾಡಿಗೆ ಇರುವ ಹೆಸರು ಒಣಕಾಡಿಗೆ ಇಲ್ಲ. ವರ್ಷದ ಐದಾರು ತಿಂಗಳು ಹನಿ ಮಳೆಯಿಲ್ಲದೆ, ಎಲೆ ಉದುರಿಸಿಕೊಂಡು ಬೂದು ಬಣ್ಣಕ್ಕೆ ತಿರುಗಿ ನಿಲ್ಲುವ ಕಾಡನ್ನು ಯಾರು ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸುತ್ತಾರೆ? ಆದರೆ 1986ರ ಒಂದು ಪ್ರಸಿದ್ಧ ಅಂದಾಜಿನ ಪ್ರಕಾರ ಉಷ್ಣವಲಯ ಮತ್ತು ಉಪೋಷ್ಣವಲಯದ ಕಾಡುಗಳಲ್ಲಿ ಶೇ. 42ರಷ್ಟು ಒಣಕಾಡೇ. 2006ರ ಜಾಗತಿಕ ಸಮೀಕ್ಷೆಯೊಂದು ಸುಮಾರು 10 ಲಕ್ಷ ಚದರ ಕಿಲೋಮೀಟರ್ ಮಾತ್ರ ಉಳಿದಿದೆ ಎಂದಿತು. ಅದರಲ್ಲಿ ಅರ್ಧಕ್ಕೂ ಹೆಚ್ಚು ಪಾಲು ದಕ್ಷಿಣ ಅಮೆರಿಕದಲ್ಲಿದೆ, ಶೇ. 97ರಷ್ಟಕ್ಕೆ ಒಂದಲ್ಲ ಒಂದು ಅಪಾಯವಿದೆ. ಸ್ಪ್ಯಾನಿಷರು ಕಾಲಿಟ್ಟಾಗ ಮಧ್ಯ ಅಮೆರಿಕದ ಪೆಸಿಫಿಕ್ ಕರಾವಳಿಯಲ್ಲಿ ಸುಮಾರು 5,50,000 ಚದರ ಕಿಲೋಮೀಟರ್ ಒಣಕಾಡಿತ್ತು. ಅದರಲ್ಲಿ ಕಾಪಾಡಲು ಯೋಗ್ಯ ಸ್ಥಿತಿಯಲ್ಲಿ ಉಳಿದದ್ದು ಶೇ. 2ಕ್ಕಿಂತ ಕಡಿಮೆ ಎಂದು ಜಾನ್‌ಜೆನ್ 1988ರಲ್ಲಿ ಬರೆದರು.

ಕಾರಣ ಸರಳ. ಮನುಷ್ಯನಿಗೆ ಒಗ್ಗುವ ಹವೆ ಇದೇ. ಮಣ್ಣಿನ ಸಾರವನ್ನು ಮಳೆ ಅಷ್ಟಾಗಿ ತೊಳೆದಿರುವುದಿಲ್ಲ, ಬೇಸಿಗೆ ಬಂದರೆ ಕಳೆ ಕೀಟಗಳ ಕಾಟ ತಾನಾಗಿಯೇ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಳೆಕಾಡನ್ನು ತೆರವು ಮಾಡಲು ಹರಸಾಹಸ ಬೇಕು. ಒಣಕಾಡಿಗೆ ಒಂದು ಬೆಂಕಿಕಡ್ಡಿ ಸಾಕು.

ಗ್ವಾನಕಾಸ್ತೆಯಲ್ಲಿ ದನ ಸಾಕಣೆಗೆ ನಾಲ್ಕು ಶತಮಾನಗಳ ಚರಿತ್ರೆಯಿದೆ. ಆದರೆ ಕಾಡು ಚೂರುಚೂರಾದದ್ದು ಬಹುಮಟ್ಟಿಗೆ ಇಪ್ಪತ್ತನೇ ಶತಮಾನದ ನಡುವಿನ ದಶಕಗಳಲ್ಲಿ. ಪ್ಯಾನ್ ಅಮೆರಿಕನ್ ಹೆದ್ದಾರಿ ಬಂತು, ಅಮೆರಿಕ ಸಂಯುಕ್ತ ಸಂಸ್ಥಾನದ ಹ್ಯಾಂಬರ್ಗರ್ ಮಾರುಕಟ್ಟೆಗೆ ಅಗ್ಗದ ಮಾಂಸ ಬೇಕಾಯಿತು, ದನದ ಎಸ್ಟೇಟುಗಳಿಗೆ ಸಾಲ ಧಾರಾಳವಾಗಿ ಸಿಕ್ಕಿತು. ಹಾಗೆ ತೆರವಾದ ನೆಲಕ್ಕೆ ಆಫ್ರಿಕದಿಂದ ತಂದ ಒಂದು ಹುಲ್ಲನ್ನು ಬಿತ್ತಿದರು. ಅದರ ಹೆಸರು ಹರಗುವ.

ಹರಗುವ ಮತ್ತು ಬೆಂಕಿ

ಈ ಪ್ರಕರಣದ ಮುಖ್ಯ ಪಾತ್ರಧಾರಿ ಮನುಷ್ಯನೂ ಅಲ್ಲ, ಮರವೂ ಅಲ್ಲ, ಈ ಹುಲ್ಲು. ಮಳೆಗಾಲದಲ್ಲಿ ಆಳೆತ್ತರ ಮೀರಿ ಬೆಳೆಯುತ್ತದೆ, ಎರಡು ಮೀಟರ್ ಮುಟ್ಟುವುದೂ ಉಂಟು. ಡಿಸೆಂಬರ್ ಕಳೆಯುತ್ತಿದ್ದಂತೆ ನಿಂತಲ್ಲೇ ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಅದೇ ಹೊತ್ತಿಗೆ ಈಶಾನ್ಯದ ವಾಣಿಜ್ಯ ಮಾರುತ ಬೀಸತೊಡಗುತ್ತದೆ. ತಿಂಗಳುಗಟ್ಟಲೆ ಬಿಡುವಿಲ್ಲದ ಒಣಗಾಳಿ. ಸುಟ್ಟರೆ ಹರಗುವಕ್ಕೆ ನಷ್ಟವಿಲ್ಲ, ಬುಡ ಮಣ್ಣೊಳಗೆ ಬದುಕಿರುತ್ತದೆ, ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಸಾಯುವುದು ಅದರ ನಡುವೆ ತಲೆಯೆತ್ತಿದ ಮರದ ಸಸಿ.

ಕಾಡಿನ ತುಂಡೊಂದರ ಅಂಚಿನಲ್ಲಿ ಮಾರ್ಚ್ ತಿಂಗಳಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಕಾಡಿನೊಳಗೆ ನೆಲದಲ್ಲಿ ಇರುವುದು ತರಗೆಲೆ ಮಾತ್ರ. ಅದಕ್ಕೆ ಹತ್ತಿದ ಬೆಂಕಿ ಮೊಣಕಾಲೆತ್ತರದಲ್ಲಿ ನಿಧಾನವಾಗಿ ತೆವಳುತ್ತದೆ, ಎಷ್ಟೋ ಸಲ ಸಂಜೆಯ ತಂಪಿಗೆ ತಾನೇ ಆರುತ್ತದೆ. ಹುಲ್ಲಿನ ಬೆಂಕಿಯ ಕಥೆ ಬೇರೆ. ಗಾಳಿ ಹಿಂದಿನಿಂದ ನೂಕುತ್ತಿದ್ದರೆ ಜ್ವಾಲೆ ಹುಲ್ಲಿಗಿಂತ ಎತ್ತರಕ್ಕೆ ಏಳುತ್ತದೆ, ಅಂಚಿನ ಮರಗಳ ತೊಗಟೆ ಬೇಯುತ್ತದೆ, ಟೊಳ್ಳು ಕಾಂಡದೊಳಗೆ ಕಿಡಿ ಹೊಕ್ಕು ದಿನಗಟ್ಟಲೆ ಹೊಗೆಯಾಡುತ್ತದೆ. ಅಂಚಿನ ನಾಲ್ಕು ಮರ ಬಿದ್ದರೆ ಅಲ್ಲಿ ಬಿಸಿಲು ಬೀಳುತ್ತದೆ. ಬಿಸಿಲು ಬಿದ್ದಲ್ಲಿ ಮುಂದಿನ ಮಳೆಗೆ ಹುಲ್ಲು ಹುಟ್ಟುತ್ತದೆ. ಮರುವರ್ಷದ ಬೆಂಕಿ ಅಲ್ಲಿಂದ ಶುರುವಾಗುತ್ತದೆ. ವರ್ಷಕ್ಕೆ ಕೆಲವೇ ಮೀಟರ್. ಯಾರೂ ಕೊಡಲಿ ಎತ್ತದೆ, ಯಾವ ಕಾನೂನನ್ನೂ ಮುರಿಯದೆ, ತುಂಡು ಅಂಚಿನಿಂದ ಒಳಕ್ಕೆ ಸವೆಯುತ್ತ ಹೋಗುತ್ತದೆ.

ಗಮನಿಸಬೇಕಾದ ಇನ್ನೊಂದು ಸಂಗತಿ: ಅಲ್ಲಿನ ಬೇಸಿಗೆಯಲ್ಲಿ ಗುಡುಗು ಸಿಡಿಲು ಇರುವುದಿಲ್ಲ. ಅಂದರೆ ಈ ಬೆಂಕಿಯೆಲ್ಲ ಮನುಷ್ಯ ಹಚ್ಚಿದ್ದೇ. ಹುಲ್ಲು ಚಿಗುರಲಿ ಎಂದು ಹಚ್ಚಿದ್ದು, ಗದ್ದೆ ಶುಚಿ ಮಾಡಲು ಹಚ್ಚಿದ್ದು, ರಸ್ತೆಬದಿಯಲ್ಲಿ ಎಸೆದ ಸಿಗರೇಟಿನದ್ದು. ಒಣಕಾಡಿಗೆ ಬೆಂಕಿ ಸಹಜ ಎನ್ನುವ ಮಾತನ್ನು ಎಲ್ಲ ಕಡೆಗೂ ಅಂಟಿಸುವವರು ಇದನ್ನು ಮರೆಯುತ್ತಾರೆ.

ದನ ಓಡಿಸಿದ್ದೇ ತಪ್ಪಾಯಿತು

1856ರಲ್ಲಿ ಅಮೆರಿಕದ ಸಾಹಸಿ ವಿಲಿಯಂ ವಾಕರ್‌ನ ದಂಡನ್ನು ಕೋಸ್ಟರಿಕದ ಪಡೆ ಹಿಮ್ಮೆಟ್ಟಿಸಿದ ಸ್ಥಳ ಸಾಂತಾ ರೋಸಾ ಎಂಬ ಎಸ್ಟೇಟು. ಅಲ್ಲಿ ಕಾಡು ಉಳಿಯುವ ದಾರಿ ತೆರೆದದ್ದು ಪರಿಸರ ಪ್ರೇಮಕ್ಕಿಂತ ಮೊದಲು ದೇಶಪ್ರೇಮ. ಯುದ್ಧಭೂಮಿಯೆಂದು ಜಾಗವನ್ನು ಕಾಯ್ದಿಟ್ಟರು, 1971ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತೀರ್ಣ ಸುಮಾರು 100 ಚದರ ಕಿಲೋಮೀಟರ್. ಒಳಗೆ ಕಾಡಿನ ತುಂಡುಗಳು, ಅವುಗಳ ನಡುವೆ ಹಳೆಯ ಹುಲ್ಲುಗಾವಲು.

ಉದ್ಯಾನವಾದ ಮೇಲೆ ದನಗಳಿಗೆ ಅಲ್ಲೇನು ಕೆಲಸ? 1970ರ ದಶಕದ ಕೊನೆಯ ಹೊತ್ತಿಗೆ ಅವನ್ನು ಹೊರಹಾಕಿದರು. ಎಲ್ಲರಿಗೂ ಸರಿ ಎನಿಸಿದ ಕ್ರಮ. ಪರಿಣಾಮ ಮಾತ್ರ ತಿರುಗುಮುರುಗಾಯಿತು. ಮೇಯುವ ಬಾಯಿಗಳಿಲ್ಲದೆ ಹರಗುವ ಎದ್ದು ನಿಂತಿತು, ಬೇಸಿಗೆಯ ಬೆಂಕಿ ಹಿಂದೆಂದಿಗಿಂತ ಜೋರಾಯಿತು. ಕಾಗದದಲ್ಲಿ ರಕ್ಷಿತವಾಗಿದ್ದ ಕಾಡು ಕಣ್ಣೆದುರೇ ಕರಗತೊಡಗಿತು. ಈ ಇಡೀ ಪ್ರಕರಣದಲ್ಲಿ ಇದಕ್ಕಿಂತ ದೊಡ್ಡ ಪಾಠ ಇಲ್ಲವೆಂದು ನನಗೆ ಅನಿಸುತ್ತದೆ. ಬೇಲಿ ಹಾಕಿ ಸುಮ್ಮನೆ ಕೂತರೆ ಕಾಡು ತಾನಾಗಿ ಮರಳುತ್ತದೆ ಎಂಬ ನಂಬಿಕೆ ಕೆಲವು ಕಡೆ ನಿಜ, ಆಫ್ರಿಕದ ಹುಲ್ಲು ಬೇರೂರಿದಲ್ಲಿ ಅಲ್ಲ.

ಮುಂದೆ 1980ರ ದಶಕದ ಮಧ್ಯದಲ್ಲಿ ಜಾನ್‌ಜೆನ್, ಅವರ ಪತ್ನಿ ಹಾಗೂ ಸಹ ಸಂಶೋಧಕಿ ವಿನ್ನಿ ಹಾಲ್‌ವಾಕ್ಸ್ ಮತ್ತು ಕೋಸ್ಟರಿಕದ ಅಧಿಕಾರಿಗಳು ಸೇರಿ ಯೋಜನೆ ರೂಪಿಸಿದಾಗ ಮೊದಲ ಕೆಲಸ ಸಸಿ ನೆಡುವುದಾಗಿರಲಿಲ್ಲ. ಬೆಂಕಿ ನಿಲ್ಲಿಸುವುದಾಗಿತ್ತು. ಸುತ್ತಲಿನ ಊರುಗಳ ಜನರನ್ನೇ ಸಂಬಳ ಕೊಟ್ಟು ಬೆಂಕಿ ಕಾವಲಿಗೆ ನೇಮಿಸಿದರು. ಯಾವ ಗಾಳಿಗೆ ಬೆಂಕಿ ಎತ್ತ ಓಡುತ್ತದೆಂದು ದನ ಕಾಯ್ದವರಿಗೆ ಗೊತ್ತಿದ್ದಷ್ಟು ಇನ್ನಾರಿಗೆ ಗೊತ್ತಿದ್ದೀತು? ಬೆಂಕಿ ದಾಟದಂತೆ ಹುಲ್ಲು ಸವರಿ ಬೆಂಕಿ ರೇಖೆಗಳನ್ನು ಮಾಡಿದರು. ಹೊಸದಾಗಿ ಸೇರಿದ ಹುಲ್ಲುಗಾವಲುಗಳಲ್ಲಿ ದನಗಳನ್ನು ಕೂಡಲೇ ಓಡಿಸದೆ, ಮರಗಳು ನೆರಳು ಕೊಡುವಷ್ಟಾಗುವವರೆಗೆ ಹುಲ್ಲು ತಗ್ಗಿಸಲು ಅವನ್ನೇ ಬಳಸಿದರು. ನೆರಳು ಬಿತ್ತೆಂದರೆ ಹರಗುವದ ಆಟ ಮುಗಿಯಿತು. ಅದು ಬಿಸಿಲಿನ ಹುಲ್ಲು.

ಬೀಜ ಹೊರುವವರು

ಬೆಂಕಿ ನಿಂತ ನೆಲದಲ್ಲಿ ಯಾವ ಮರ ಮೊದಲು ಬರುತ್ತದೆ ಎಂಬುದು ಕಾಡಿನ ತುಂಡು ಯಾವ ದಿಕ್ಕಿಗಿದೆ ಎಂಬುದರ ಮೇಲೆ ನಿಂತಿತು. ಒಣಕಾಡಿನ ಎಷ್ಟೋ ಮರಗಳ ಬೀಜಕ್ಕೆ ರೆಕ್ಕೆಯೋ ಹತ್ತಿಯೋ ಇರುತ್ತದೆ, ಅವು ಕಳಚುವುದು ಬೇಸಿಗೆಯ ಗಾಳಿಗೆ. ಗಾಳಿ ಪೂರ್ವದ ಕಡೆಯಿಂದ ಬರುವುದರಿಂದ ತುಂಡಿನ ಪಶ್ಚಿಮಕ್ಕಿದ್ದ ಹುಲ್ಲುಗಾವಲು ಇಂಥ ಮರಗಳಿಂದ ಬೇಗ ತುಂಬಿತು. ಗಾಳಿಗೆ ಎದುರಾದ ಬದಿಗೆ ಹಕ್ಕಿ, ಬಾವಲಿ, ನೆಲದ ಪ್ರಾಣಿಗಳು ತಂದದ್ದೇ ಗತಿ. ಒಂದೇ ಕಾಡಿನ ಎರಡು ಮಗ್ಗುಲಲ್ಲಿ ಎರಡು ಬಗೆಯ ಎಳೆಗಾಡು. ನಕ್ಷೆಯ ಮೇಲೆ ಎರಡಕ್ಕೂ ಹಸಿರು ಬಣ್ಣವೇ.

ಹಣ್ಣು ಬಿಡುವ ಗಿಡಗಳಲ್ಲಿ ಕೆಲವು ನಮಗೂ ಪರಿಚಿತ. ನಮ್ಮ ಮಕ್ಕಳು ಗಸಗಸೆ ಹಣ್ಣು ಎಂದು ಕಿತ್ತು ತಿನ್ನುವ ಮರದ ತವರು ಉಷ್ಣವಲಯದ ಅಮೆರಿಕ. ಅಲ್ಲಿ ಅದರ ಬೀಜ ಹರಡುವುದರಲ್ಲಿ ಬಾವಲಿಗಳ ಪಾಲು ದೊಡ್ಡದು. ನಾವು ಮಳೆಮರ ಎನ್ನುವ ದೈತ್ಯ ಮರವೂ ಆ ಕಡೆಯದೇ.

ಆದರೆ ಗ್ವಾನಕಾಸ್ತೆ ಮರದ ಕಾಯಿ ಒಗಟಾಗಿತ್ತು. ಗಟ್ಟಿ ಸಿಪ್ಪೆ, ತಾನಾಗಿ ಬಿರಿಯುವುದಿಲ್ಲ, ಮಾಗಿ ರಾಶಿರಾಶಿಯಾಗಿ ಬುಡದಲ್ಲೇ ಬೀಳುತ್ತದೆ. ಒಳಗಿನ ಬೀಜ ಕಲ್ಲಿನಂಥದ್ದು. ಅಲ್ಲಿನ ಕಾಡಿನ ದೊಡ್ಡ ಪ್ರಾಣಿ ಟೇಪಿರ್ ಇದನ್ನು ತಿಂದರೂ ನುಂಗಿದ ಬೀಜಗಳಲ್ಲಿ ಬಹುಪಾಲು ಅದರ ಹೊಟ್ಟೆಯಲ್ಲೇ ಸಾಯುತ್ತವೆ. ಹಾಗಾದರೆ ಈ ಕಾಯಿ ಯಾರಿಗಾಗಿ? 1982ರಲ್ಲಿ ಜಾನ್‌ಜೆನ್ ಮತ್ತು ಪಾಲ್ ಮಾರ್ಟಿನ್ ಕೊಟ್ಟ ಉತ್ತರ ಆಗ ವಿಚಿತ್ರವೆನಿಸಿತು: ಹತ್ತು ಸಾವಿರ ವರ್ಷಗಳ ಹಿಂದೆ ಅಳಿದುಹೋದ ಪ್ರಾಣಿಗಳಿಗಾಗಿ. ಆನೆಯ ಸಂಬಂಧಿಯಾದ ಗೊಂಫೋಥೀರ್, ದೈತ್ಯ ಸ್ಲಾತ್, ಅಮೆರಿಕದ ಕಾಡುಕುದುರೆ. ಉಣ್ಣುವವರು ಹೋದರು, ಬಡಿಸಿದ ಎಲೆ ಹಾಗೇ ಉಳಿಯಿತು.

ಆಮೇಲೆ ಸ್ಪ್ಯಾನಿಷರು ಕುದುರೆ ತಂದರು. ಸಾಂತಾ ರೋಸಾದಲ್ಲಿ ಕುದುರೆಗಳಿಗೆ ಈ ಬೀಜ ತಿನ್ನಿಸಿ, ಲದ್ದಿ ಕೆದಕಿ ಎಣಿಸುವ ಪ್ರಯೋಗ ನಡೆಯಿತು. ಹಲವು ಬೀಜಗಳು ಜೀವಂತವಾಗಿ ಹೊರಬಂದವು; ಕೆಲವು ವಾರಗಟ್ಟಲೆ ಹೊಟ್ಟೆಯಲ್ಲಿದ್ದು ಬಂದವು. ಫಿರಂಗಿ ಗುಂಡಿನಷ್ಟು ಗಟ್ಟಿಯಾದ ಹಿಕಾರೊ ಕಾಯನ್ನೂ ಕುದುರೆ ಹಲ್ಲಿನಲ್ಲಿ ಒಡೆದು ತಿನ್ನುತ್ತದೆ. ಲದ್ದಿಯೊಳಗಿನ ಬೀಜಕ್ಕೆ ಕಾಡಿಲಿ ಕನ್ನ ಹಾಕುತ್ತದೆ, ಅದು ಬೇರೆ ಮಾತು. ಒಟ್ಟಿನಲ್ಲಿ ಕಾಡನ್ನು ತುಂಡರಿಸಿದ ಸಾಕಣೆಯ ಪ್ರಾಣಿಯೇ ತುಂಡುಗಳ ನಡುವೆ ಬಿತ್ತುವ ಕೈಯೂ ಆಯಿತು. ಜಾನುವಾರು ಕಾಡಿನ ಶತ್ರು ಎಂದು ಒಂದೇ ಮಾತಿನಲ್ಲಿ ಹೇಳುವವರಿಗೆ ಇಲ್ಲಿ ಸ್ವಲ್ಪ ತಡವರಿಸಬೇಕಾಗುತ್ತದೆ.

ಒಂಟಿ ಮರದ ಸ್ಥಿತಿ

"ಜೀವಂತ ಶವ" ಎನ್ನುವ ಮಾತು ಎಷ್ಟು ನಿಜ? ಹುಲ್ಲುಗಾವಲಿನ ಗ್ವಾನಕಾಸ್ತೆ ಮರಗಳನ್ನೂ ಅಖಂಡ ಕಾಡಿನೊಳಗಿನ ಮರಗಳನ್ನೂ ಹೋಲಿಸಿದ 2001ರ ಅಧ್ಯಯನವೊಂದರಲ್ಲಿ, ಕಾಡಿನ ಮರಗಳೇ ಹೆಚ್ಚು ಖಚಿತವಾಗಿ ಕಾಯಿ ಕಟ್ಟುತ್ತಿದ್ದವು, ಅವುಗಳ ಸಸಿಗಳೇ ಹೆಚ್ಚು ಪುಷ್ಟವಾಗಿದ್ದವು. ಒಂಟಿ ಮರಕ್ಕೆ ಸಿಗುವ ಪರಾಗದ ವೈವಿಧ್ಯ ಕಡಿಮೆ ಎಂದು ಊಹಿಸಿದರೆ ಇದು ಸಹಜ.

ಇದಕ್ಕೆ ಎದುರು ಸಾಕ್ಷಿಯೂ ಇದೆ. ಮಧ್ಯ ಅಮೆರಿಕದ್ದೇ ಆದ ಹೊಂಡುರಾಸ್‌ನ ಒಣಕಾಡಿನ ತುಣುಕುಗಳಲ್ಲಿ ಮಹಾಗನಿಯ ಒಂದು ಪ್ರಭೇದದ ತಳಿ ಪರೀಕ್ಷೆ ಮಾಡಿದವರಿಗೆ, 4.5 ಕಿಲೋಮೀಟರಿಗೂ ದೂರದಿಂದ ಪರಾಗ ಬಂದದ್ದು ಕಂಡಿತು. 2002ರಲ್ಲಿ ಪ್ರಕಟವಾದ ಆ ಕೆಲಸದ ಪ್ರಕಾರ ಚಿಕ್ಕ ತುಣುಕುಗಳಿಗೆ ದೂರದ ಪರಾಗ ಇನ್ನೂ ಹೆಚ್ಚೇ ಬರುತ್ತಿತ್ತು. ಅಂದರೆ ಹೊಲದ ನಡುವಿನ ಆ ಮರ ಹೆಣವಲ್ಲ, ದೂರದ ಎರಡು ತುಣುಕುಗಳ ನಡುವಿನ ಮೆಟ್ಟುಗಲ್ಲೂ ಆಗಬಹುದು. ಬಾವಲಿಯೋ ದುಂಬಿಯೋ, ಯಾರು ಪರಾಗ ಹೊರುತ್ತಾರೆ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ನನ್ನ ಓದಿಗೆ ಎರಡೂ ನಿಜ: ಮರ ಸಂಬಂಧ ಕಳೆದುಕೊಂಡಿಲ್ಲದಿರಬಹುದು, ಆದರೆ ಬುಡದಲ್ಲಿ ವರ್ಷವರ್ಷ ಬೆಂಕಿ ಬಿದ್ದರೆ ಆ ಸಂಬಂಧದಿಂದ ಹುಟ್ಟಿದ ಬೀಜಕ್ಕೆ ಬಾಳಿಲ್ಲ.

ಪತಂಗ ತೋರಿಸಿದ ಗಡಿ

ಎಷ್ಟು ನೆಲ ಸಾಕು ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಪತಂಗಗಳು. ಸ್ಫಿಂಜಿಡೆ ಕುಟುಂಬದ ದಪ್ಪ ಮೈಯ, ವೇಗವಾಗಿ ಹಾರುವ ಎಷ್ಟೋ ಪತಂಗಗಳು ಮೇ ತಿಂಗಳ ಮೊದಲ ಮಳೆಗೆ ಒಣಕಾಡಿನಲ್ಲಿ ಕಾಣಿಸಿಕೊಳ್ಳುತ್ತವೆ, ಹೊಸ ಚಿಗುರಿನ ಮೇಲೆ ಒಂದು ತಲೆಮಾರು ಬೆಳೆಯುತ್ತದೆ, ನಂತರ ಹೊರಟುಹೋಗುತ್ತವೆ. ಎಲ್ಲಿಗೆ? ಪೂರ್ವದ ಒರೊಸಿ, ಕಕಾವೊ ಜ್ವಾಲಾಮುಖಿಗಳ ತಂಪು ಇಳಿಜಾರಿಗೆ, ಅದರಾಚೆಯ ಮಳೆಕಾಡಿಗೆ. ಬೇಸಿಗೆ ಅಲ್ಲಿ, ಮಳೆಗಾಲ ಇಲ್ಲಿ. ಅಂದಮೇಲೆ ಸಾಂತಾ ರೋಸಾದ 100 ಚದರ ಕಿಲೋಮೀಟರನ್ನು ಎಷ್ಟೇ ಚೆನ್ನಾಗಿ ಕಾಯ್ದರೂ ಅದು ಅರ್ಧ ಮನೆ. ಉಳಿದರ್ಧ ಹೆದ್ದಾರಿಯ ಆಚೆ, ಎಸ್ಟೇಟುಗಳ ಕೈಯಲ್ಲಿತ್ತು.

ಆ ಹೊತ್ತಿಗೆ ಮಾಂಸದ ಬೆಲೆ ಬಿದ್ದಿತ್ತು, ಮಾರಲು ಒಪ್ಪುವ ಮಾಲೀಕರಿದ್ದರು. ದೇಣಿಗೆ ಎತ್ತಿ ಒಂದೊಂದೇ ಎಸ್ಟೇಟು ಕೊಂಡರು. ಸ್ವೀಡನ್ ಸರ್ಕಾರದ ನೆರವು ಸಾಲ ವಿನಿಮಯದ ರೂಪದಲ್ಲಿ ಬಂತು: ಕೋಸ್ಟರಿಕದ ವಿದೇಶಿ ಸಾಲಪತ್ರಗಳನ್ನು ಮುಖಬೆಲೆಗಿಂತ ಬಹಳ ಕಡಿಮೆಗೆ ಕೊಂಡು, ಅದಕ್ಕೆ ಬದಲಾಗಿ ಆ ದೇಶದೊಳಗೆ ಕಾಡಿಗಾಗಿ ಹಣ ಕೊಡಿಸುವ ಉಪಾಯ. ಎಲ್ಲ ತುಂಡೂ ಹೀಗೆ ಸುಲಭವಾಗಿ ಬರಲಿಲ್ಲ. ಸುಮಾರು 16,000 ಹೆಕ್ಟೇರಿನ ಸಾಂತಾ ಎಲೆನಾ ಎಸ್ಟೇಟನ್ನು ಸರ್ಕಾರ 1978ರಲ್ಲೇ ಸ್ವಾಧೀನಕ್ಕೆ ತೆಗೆದುಕೊಂಡಿತ್ತು. ಪರಿಹಾರದ ಜಗಳ ಎರಡು ದಶಕ ಎಳೆಯಿತು. ನಡುವೆ ನಿಕರಾಗುವದ ಕಾಂಟ್ರಾ ಬಂಡುಕೋರರಿಗೆ ಸರಕು ಸಾಗಿಸಲು ಅದೇ ನೆಲದಲ್ಲಿ ಗುಟ್ಟಾಗಿ ವಿಮಾನಪಟ್ಟಿ ಎದ್ದಿತು. ಕೊನೆಗೆ 2000ದಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ 1.6 ಕೋಟಿ ಡಾಲರ್ ಪರಿಹಾರ ನಿಗದಿ ಮಾಡಿತು.

ಹೀಗೆ ಕೂಡಿದ ಗ್ವಾನಕಾಸ್ತೆ ಸಂರಕ್ಷಣಾ ಪ್ರದೇಶ ಇಂದು ಸಮುದ್ರದ ಪಾಲೂ ಸೇರಿ 1,600 ಚದರ ಕಿಲೋಮೀಟರಿಗೆ ಮೇಲಿದೆ. ನೆಲದ ಪಾಲೇ ದೇಶದ ವಿಸ್ತೀರ್ಣದ ಶೇ. 2ಕ್ಕಿಂತ ತುಸು ಹೆಚ್ಚು. 1999ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಗುರುತಿಸಿತು. ಸುತ್ತಲಿನ ಶಾಲೆಗಳ ಮಕ್ಕಳಿಗೆ ಕಾಡಿನೊಳಗೇ ಪಾಠ ನಡೆಯುತ್ತದೆ. ಕಂಬಳಿಹುಳ ಹುಡುಕಿ, ಸಾಕಿ, ಯಾವ ಹುಳು ಯಾವ ಎಲೆ ತಿಂದು ಯಾವ ಪತಂಗವಾಯಿತೆಂದು ದಾಖಲಿಸುವ ಕೆಲಸವನ್ನು ಅಕ್ಕಪಕ್ಕದ ಊರಿನವರೇ ಕಲಿತು ಮಾಡುತ್ತಿದ್ದಾರೆ. ಒಂದೇ ಪ್ರಭೇದ ಎಂದುಕೊಂಡಿದ್ದ ಒಂದು ಚಿಟ್ಟೆಯಲ್ಲಿ ಹತ್ತು ಪ್ರಭೇದಗಳು ಅಡಗಿವೆ ಎಂದು 2004ರಲ್ಲಿ ಡಿಎನ್ಎ ಪರೀಕ್ಷೆ ಹೇಳಿದಾಗ, ಅದಕ್ಕೆ ಬೆನ್ನೆಲುಬಾದದ್ದು ಇವರು ಸಾಕಿದ ಹುಳಗಳ ದಾಖಲೆ.

ಸಿಪ್ಪೆ, ಶಿವನೆ

ತೇವ ಹೆಚ್ಚಿರುವ ಪೂರ್ವದ ಮಗ್ಗುಲಲ್ಲಿ ಕಾಡು ಮರಳುವುದು ನಿಧಾನವಾಯಿತು. ಮಳೆಕಾಡಿನ ಮರಗಳಲ್ಲಿ ಗಾಳಿಗೆ ಹಾರುವ ಬೀಜ ವಿರಳ, ಬಯಲಿನ ಹುಲ್ಲಿಗೆ ಬೀಜ ತರುವ ಪ್ರಾಣಿಗಳೂ ವಿರಳ. ಅಲ್ಲಿ ನೆರವಿಗೆ ಬಂದದ್ದು ನಮ್ಮ ಕಡೆಯ ಶಿವನೆ ಮರ. ಮೋಪಿಗೆಂದು ನೆಟ್ಟಿದ್ದ ಶಿವನೆ ತೋಪಿನ ನೆರಳಿಗೆ ಹುಲ್ಲು ಸತ್ತು, ಅಡಿಯಲ್ಲಿ ಕಾಡಿನ ಸಸಿಗಳು ಎದ್ದವು. ಹೊರಗಿನ ಗಿಡವೆಂದರೆ ಕಿತ್ತೆಸೆಯಬೇಕೆನ್ನುವ ಶಿಸ್ತಿಗೆ ಇದು ಹೊಂದದು, ಆದರೆ ಕೆಲಸ ನಡೆಯಿತು.

ಕಿತ್ತಳೆ ಸಿಪ್ಪೆಯ ಪ್ರಸಂಗ ಇನ್ನೂ ಸ್ವಾರಸ್ಯ. ನೆರೆಯ ಹಣ್ಣಿನ ರಸದ ಕಂಪನಿ ಡೆಲ್ ಓರೊ ಜತೆ 1990ರ ದಶಕದಲ್ಲಿ ಒಂದು ಒಪ್ಪಂದವಾಯಿತು: ಕಂಪನಿ ತನ್ನ ಕಾಡುಭೂಮಿಯನ್ನು ಕೊಡುವುದು, ಪ್ರತಿಯಾಗಿ ಸಿಪ್ಪೆಯನ್ನು ಉದ್ಯಾನದೊಳಗಿನ ಹಾಳು ಹುಲ್ಲುಗಾವಲಿನಲ್ಲಿ ಸುರಿಯುವುದು. ಸುಮಾರು 12,000 ಟನ್, ಸಾವಿರ ಲಾರಿ ಸಿಪ್ಪೆ, ಮೂರು ಹೆಕ್ಟೇರಿನ ಮೇಲೆ ಬಿತ್ತು. ಸಿಪ್ಪೆಯ ಹಾಸಿನಡಿ ಹುಲ್ಲು ಉಸಿರುಗಟ್ಟಿ ಸತ್ತಿತು, ಹುಳುಗಳು ಗಿಜಿಗಿಜಿ ತುಂಬಿದವು, ರಾಶಿ ಕಪ್ಪು ಮಣ್ಣಾಯಿತು. ಅಷ್ಟರಲ್ಲಿ ಪ್ರತಿಸ್ಪರ್ಧಿ ಕಂಪನಿ ರಾಷ್ಟ್ರೀಯ ಉದ್ಯಾನವನ್ನು ಹೊಲಸು ಮಾಡಿದರೆಂದು ನ್ಯಾಯಾಲಯಕ್ಕೆ ಹೋಗಿ ಗೆದ್ದಿತು. ಕೆಲಸ ನಿಂತಿತು, ಜಾಗವನ್ನು ಎಲ್ಲರೂ ಮರೆತರು. ಸುಮಾರು ಹದಿನೈದು ವರ್ಷದ ಬಳಿಕ ಸಂಶೋಧಕರು ಹುಡುಕಿಕೊಂಡು ಹೋದರೆ ಗುರುತಿಗೆ ನೆಟ್ಟಿದ್ದ ಫಲಕವೇ ಬಳ್ಳಿಗಳಡಿ ಕಾಣೆಯಾಗಿತ್ತು. ಸಿಪ್ಪೆ ಬೀಳದ ಪಕ್ಕದ ಜಾಗಕ್ಕಿಂತ ಅಲ್ಲಿ ಮರಗಳ ಜೀವರಾಶಿ, ಅಂದರೆ ಒಟ್ಟು ತೂಕ, ಶೇ. 176ರಷ್ಟು ಹೆಚ್ಚಿತ್ತೆಂದು 2017ರಲ್ಲಿ ಪ್ರಕಟಿಸಿದರು.

ಎಲ್ಲಿಗೆ ಅನ್ವಯಿಸದು

ಈ ಪ್ರಕರಣವನ್ನು ಮಾದರಿಯೆಂದು ಎತ್ತಿಕೊಳ್ಳುವ ಮುನ್ನ ಒಂದು ಎಚ್ಚರಿಕೆ. ಇಲ್ಲಿ ನೆಲ ಕೆಲವೇ ದೊಡ್ಡ ಮಾಲೀಕರ ಕೈಯಲ್ಲಿತ್ತು, ಜನವಸತಿ ವಿರಳವಿತ್ತು, ದನದ ದಂಧೆ ಸೋತಿತ್ತು, ಕೊಳ್ಳಲು ಹೊರಗಿನ ಹಣ ಬಂತು. ಎರಡೆರಡು ಎಕರೆಯ ನೂರಾರು ರೈತರಿರುವ ನೆಲದಲ್ಲಿ ಕೊಂಡು ಕೂಡಿಸುವ ದಾರಿ ನಡೆಯದು, ನಡೆಸಲು ಹೊರಟರೆ ಅನ್ಯಾಯವೂ ಆದೀತು. ಅಲ್ಲಿಗೆ ಸಾಗಿಸಬಹುದಾದದ್ದು ಪ್ರಶ್ನೆಯನ್ನು ಮಾತ್ರ: ತುಂಡುಗಳ ನಡುವಿನ ನೆಲದಲ್ಲಿ ಏನು ಬೆಳೆದಿದೆ, ಬೇಸಿಗೆಯಲ್ಲಿ ಅದಕ್ಕೆ ಏನಾಗುತ್ತದೆ, ಬೀಜ ಹೊತ್ತು ಅದನ್ನು ದಾಟುವವರು ಯಾರು?

ಮರಳಿ ಬಂದದ್ದು ಹಳೆಯ ಕಾಡೇ ಎನ್ನುವಂತೆಯೂ ಇಲ್ಲ. ನಿಧಾನವಾಗಿ ಬೆಳೆಯುವ ಮರಗಳು ತಮ್ಮ ಪಾಲು ಪಡೆಯಲು ಶತಮಾನಗಳು ಬೇಕು. 2015ರ ಎಲ್ ನಿನೊ ಬರಕ್ಕೆ ಅಲ್ಲಿ ಸತ್ತ ಮರಗಳ ಪ್ರಮಾಣ ಏರಿತು. ಬಿಳಿ ಬಟ್ಟೆಗೆ ದೀಪ ಹಿಡಿದರೆ ಒಂದು ಕಾಲಕ್ಕೆ ಬಟ್ಟೆಯೇ ಕಾಣದಂತೆ ಮುತ್ತುತ್ತಿದ್ದ ಪತಂಗಗಳು ಈಗ ಬೆರಳೆಣಿಕೆಗೆ ಇಳಿದಿವೆ ಎಂದು ಜಾನ್‌ಜೆನ್ ಮತ್ತು ಹಾಲ್‌ವಾಕ್ಸ್ 2021ರಲ್ಲಿ ಬರೆದರು. ಕಾಡು ಕೂಡಿದೆ, ಬೆಂಕಿ ತಗ್ಗಿದೆ, ಹುಳು ಕಡಿಮೆಯಾಗಿದೆ. ಅವರು ಬೊಟ್ಟು ಮಾಡುವುದು ಬದಲಾದ ಹವೆಯತ್ತ. ಅದಕ್ಕೆ ಬೆಂಕಿ ರೇಖೆಯೂ ಇಲ್ಲ, ಕೊಂಡು ಸೇರಿಸಬಹುದಾದ ಎಸ್ಟೇಟೂ ಇಲ್ಲ.

ಸಂರಕ್ಷಣಾ ಪ್ರದೇಶದಿಂದ ದಕ್ಷಿಣಕ್ಕೆ ಹೋದರೆ ತೆಂಪಿಸ್ಕೆ ನದಿಯ ಬಯಲು. ಅಲ್ಲಿ ಹುಲ್ಲಿನ ಜಾಗಕ್ಕೆ ನೀರಾವರಿಯ ಕಬ್ಬು, ಭತ್ತ ಬಂದಿವೆ. ದನದ ಕಾಲದಲ್ಲಿ ನೆರಳಿಗೆಂದು ಬಿಟ್ಟಿದ್ದ ಗ್ವಾನಕಾಸ್ತೆ ಮರವನ್ನು ಯಂತ್ರ ತಿರುಗುವ ಗದ್ದೆಯಲ್ಲಿ ಬಿಡಲು ಯಾರಿಗೂ ಕಾರಣವಿಲ್ಲ. ಇನ್ನೂ ನಿಂತಿರುವ ಮರಗಳ ಕಾಯಿ ಬೇಸಿಗೆಗೆ ಉದುರುತ್ತದೆ. ಗದ್ದೆಯೊಳಗೆ ಕುದುರೆ ಬರುವುದಿಲ್ಲ.